ಹತ್ತಿರ ಬಂದ ಹಕ್ಕಿ

ನಿವೃತ್ತಿಯಾದ ಮೇಲೆ ನನ್ನ ಗಂಡನಿಗೆ ಹಕ್ಕಿಗಳ ಹುಚ್ಚು ಹಿಡಿಯಿತು. ಮುಕ್ಕಾಲಿಯ ಮೇಲೆ ಉದ್ದನೆಯ ದುರ್ಬೀನು, ಅದರ ಹಿಂಬದಿಗೆ ಕಚ್ಚಿಸಿದ ಕ್ಯಾಮೆರಾ. ಹಿತ್ತಿಲ ಬಾಗಿಲಲ್ಲಿ ಫಿರಂಗಿ ಹೂಡಿದ ಹಾಗೆ. ಅಂದಿನಿಂದ ಮನೆಯಲ್ಲಿ ಕುಕ್ಕರ್ ಕೂಗುವಂತಿಲ್ಲ, ಬಟ್ಟೆ ಒಣಹಾಕುವಂತಿಲ್ಲ, ನಾನು ಸೀನುವಂತಿಲ್ಲ. ಸೀನಿದರೆ ಚಿತ್ರ ಅಲುಗುತ್ತದಂತೆ.

ಇಷ್ಟೆಲ್ಲ ಮಾಡಿ ತೆಗೆದ ಫೋಟೊಗಳಲ್ಲಿ ಅರ್ಧ ಬರೀ ಕೊಂಬೆ, ಉಳಿದರ್ಧ ಹಕ್ಕಿಯ ಬಾಲ. ಮನೆಗೆ ಬಂದ ನೆಂಟರೆಲ್ಲ ಅದನ್ನು ನೋಡಿ ಆಹಾ ಓಹೋ ಅನ್ನಬೇಕು.

ಮೊನ್ನೆ ಬೆಳಿಗ್ಗೆ ಮಿಂಚುಳ್ಳಿಯೊಂದು ತಾನಾಗಿಯೇ ಬಂದು ಅವರ ಮೊಣಕೈ ಪಕ್ಕದ ನೀರಿನ ತೊಟ್ಟಿಯ ಮೇಲೆ ಕುಳಿತಿತು. ನಾನು ಉಸಿರು ಬಿಗಿಹಿಡಿದು ಸನ್ನೆ ಮಾಡಿದೆ. ಅವರು ದುರ್ಬೀನನ್ನು ಅತ್ತ ತಿರುಗಿಸಿ, ಕ್ಯಾಮೆರಾದಲ್ಲಿ ಇಣುಕಿ, ಮುಖ ಗಂಟು ಹಾಕಿಕೊಂಡರು.

"ತೀರಾ ಹತ್ತಿರ ಇದೆ ಕಣೇ, ಇದರಲ್ಲಿ ಮಸುಕಾಗಿ ಕಾಣತ್ತೆ. ಆ ಮರಕ್ಕೆ ಓಡಿಸು."

"ಕಣ್ಣಿಂದಲೇ ನೋಡ್ರೀ, ಎಷ್ಟು ಚೆನ್ನಾಗಿದೆ!"

"ಕಣ್ಣಿಂದ ನೋಡಿ ಏನು ಮಾಡ್ಲಿ? ಓಡಿಸು ಅಂದೆನಲ್ಲ!"

ಓಡಿಸಿದೆ. ಅದು ಮರದ ಕಡೆ ತಿರುಗಿಯೂ ನೋಡದೆ ಪಕ್ಕದ ಮನೆಯಾಚೆ ಹಾರಿಹೋಯಿತು.

"ಒಂದು ಹಕ್ಕಿ ಓಡಿಸೋಕೂ ಬರಲ್ಲ ನಿಂಗೆ!" ಎಂದು ನನ್ನ ಮೇಲೆ ಹರಿಹಾಯ್ದರು.

ಮರುದಿನವೇ ನಾನು ದೂರದೂರಿನಲ್ಲಿರುವ ಅಕ್ಕನ ಮನೆಗೆ ಹೊರಟೆ. ಹೇಳಿಯೇ ಹೊರಟೆ, ಅವರು ಕ್ಯಾಮೆರಾದಿಂದ ಕಣ್ಣು ಕೀಳದೆ "ಹೂಂ" ಅಂದರು.

ಈಗ ಹೊತ್ತುಹೊತ್ತಿಗೆ ಫೋನು. ಮನೆ ಬಿಕೋ ಅನ್ನುತ್ತಿದೆಯಂತೆ, ನನ್ನ ಮುಖ ಕಣ್ಣಿಗೆ ಕಟ್ಟಿದ ಹಾಗಿದೆಯಂತೆ.

ಇರಬಹುದು. ಅಂತೂ ಅವರಿಗೆ ಸ್ಪಷ್ಟವಾಗಿ ಕಾಣುವಷ್ಟು ದೂರಕ್ಕೆ ಬಂದಿದ್ದೇನೆ.