ಪರೀಕ್ಷೆ ಕಾಗದ ಬರುವ ಮನೆ

"ನಿನ್ನ ಮನೆಗಾದ್ರೆ ಬೈಕಿನಾಗೆ ಬಂದು, ಬಾಗ್ಲು ತಟ್ಟಿ, ಕೈಗೇ ಕೊಟ್ಟು ಹೋಗ್ತಾನೆ. ನಮ್ಮ ಕಾಗದ ಗಿರಣಿಯಾಗೆ ಹಿಟ್ಟು ಮೆತ್ಕಂಡು ಬಿದ್ದಿರ್ಬೇಕು. ಅದೇನು ಮದ್ದು ಹಾಕಿದ್ದೀಯ ಕಣಮ್ಮ ಆ ಅಂಚೆ ಅಡವಯ್ಯಂಗೆ?"

ಚಿಕ್ಕಹನುಮಕ್ಕ ಜಗಲಿ ಹತ್ತಲಿಲ್ಲ. ದಿನಾ ಬಂದವಳೇ ಕಂಬಕ್ಕೆ ಒರಗಿ ಎಲೆಯಡಿಕೆ ಕೇಳುವ ಪಕ್ಕದ ಮನೆಯವಳು, ಇವತ್ತು ಅಂಗಳದಲ್ಲೇ ನಿಂತು ಒಂದು ಲಕೋಟೆ ಚಾಚಿದಳು. ಲೋಹಿತಾ ಸೆರಗಿಗೆ ಕೈಯೊರೆಸಿಕೊಂಡು ಬಿಡಿಸಿ ಓದಿದಳು. ಮಧುಗಿರಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲೊಂದರ ಅಡುಗೆ ಕೆಲಸಕ್ಕೆ ಸಂದರ್ಶನ. ಮೂಲ ದಾಖಲೆಗಳೊಂದಿಗೆ ಹಾಜರಾಗತಕ್ಕದ್ದು. ಅರ್ಜಿಯಲ್ಲಿ ಫೋನ್ ನಂಬರನ್ನು ದಪ್ಪಕ್ಷರದಲ್ಲಿ ಬರೆದುಕೊಟ್ಟವಳು ಲೋಹಿತಾಳೇ. ಆದರೂ ಅವರು ಸಾದಾ ಕಾಗದವನ್ನೇ ಹಾಕಿದ್ದರು. ಸಂದರ್ಶನ ಹೋದ ಸೋಮವಾರವೇ ಮುಗಿದಿತ್ತು.

"ಫೋನ್ ಮಾಡಿ ಕೇಳ್ದ್ಯಾ ಹನುಮಕ್ಕ?"

"ಕೇಳ್ದೆ. ಬ್ಯಾರೆಯೋಳು ಆಗ್ಲೇ ಸೇರ್ಕಂಡವಳಂತೆ. ಅವಳಿಗೆ ಮುದ್ದೆ ತಿರುವಕ್ಕೆ ಬರ್ತದೋ ಇಲ್ವೋ. ನಂಗಂತೂ ಪ್ಲೇಟು ತೊಳೆಯೋದೇ ಸೈ."

ಪ್ಲೇಟೆಂದರೆ ತಿರುಮಣಿ ಕಡೆಯ ಸೋಲಾರ್ ಪ್ಲೇಟು. ಗಾಜಿನಿಂದ ಗಾಜಿಗೆ ನೆಗೆಯುವ ಆ ಬಿಸಿಲಿನಲ್ಲಿ ನಿಂತೂ ನಿಂತೂ ಚಿಕ್ಕಹನುಮಕ್ಕನ ಎಡಗಣ್ಣು ಸದಾ ನೀರೂರುತ್ತಿತ್ತು. ನೆರಳಿನ ಕೆಲಸ ಹಿಡಿಯದಿದ್ದರೆ ಕಣ್ಣೇ ಹೋದೀತು ಎಂದು ಪಾವಗಡದ ಡಾಕ್ಟರು ಹೇಳಿದ್ದರು. ಹೇಳುವಾಗ ಅವರೇನು ಒಂದು ನೆರಳನ್ನೂ ಬರೆದುಕೊಡಲಿಲ್ಲ.

ಕಾಗದವನ್ನು ಕಿತ್ತುಕೊಂಡು ಅವಳು ಹೊರಟುಹೋದಳು. ಮದ್ದಿನ ಮಾತು ಲೋಹಿತಾಳ ಎದೆಯಲ್ಲೇ ಕೂತಿತು.

ಲೋಹಿತಾ ಹಾಕಿದ ಮದ್ದು ಇಷ್ಟೇ. ಹೋದ ಶ್ರಾವಣದಲ್ಲಿ ಅವಳಿಗೊಂದು ಫೋನು ಬಂದಿತ್ತು. ಅಂಚೆ ಸೇವೆ ಎಷ್ಟು ಚೆನ್ನಾಗಿದೆ ಎಂದು ಅಳೆಯುವ ಗುತ್ತಿಗೆ ಹಿಡಿದ ಕಂಪನಿಯಂತೆ. ಬೇರೆ ಬೇರೆ ಊರುಗಳಿಂದ ಅವರು ಪರೀಕ್ಷೆಗೆಂದು ಕಾಗದ ಹಾಕುತ್ತಾರೆ. ಅದು ಮನೆ ಮುಟ್ಟಿದ ದಿನವನ್ನು ಲೋಹಿತಾ ಮೊಬೈಲಿನಲ್ಲಿ ಒತ್ತಿ ತಿಳಿಸಬೇಕು. ಅಂಚೆಯವನಿಗೆ ಮಾತ್ರ ಗೊತ್ತಾಗಕೂಡದು. ಮದುವೆಯಾಗಿ ಈ ಊರಿಗೆ ಬಂದ ಮೇಲೆ, ಸಾರಿಗೆ ಉಪ್ಪು ಸಾಕಾ ಎಂಬುದೊಂದನ್ನು ಬಿಟ್ಟು ಯಾರೂ ಅವಳನ್ನು ಅಭಿಪ್ರಾಯ ಕೇಳಿದ್ದಿಲ್ಲ. ಹಿಗ್ಗಿ ಒಪ್ಪಿಕೊಂಡಳು.

ಆದರೆ ಅಡವಯ್ಯ ಅವಳ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುವವನು, ಮಗಳ ಬಾಣಂತನದ ಖರ್ಚಿನಿಂದ ಹಿಡಿದು ಮಂಡಿನೋವಿನವರೆಗೆ ಎಲ್ಲ ಹೇಳಿಕೊಳ್ಳುವವನು. ಎದುರಿಗೆ ಅಣ್ಣಾ ಎಂದು ಕರೆದು, ಹಿಂದಿನಿಂದ ಅವನ ಮೇಲೆ ವರದಿ ಕಳಿಸುವುದು ಅವಳಿಗೆ ಹೇಸಿಗೆಯೆನಿಸಿತು. ಎರಡನೇ ಕಾಗದಕ್ಕೇ ಬಾಯಿಬಿಟ್ಟಳು. "ಅಡವಣ್ಣ, ಈ ಬಿಳೀ ಲಕೋಟೆ ಬಂದ್ರೆ ತಡ ಮಾಡಬ್ಯಾಡ ಕಣಪ್ಪ. ನಿನ್ನನ್ನೇ ಪರೀಕ್ಷೆ ಮಾಡ್ತಾವ್ರೆ." ಅವನು ಲೋಟ ಕೆಳಗಿಟ್ಟು ಕೈಮುಗಿದಿದ್ದ.

ಅಲ್ಲಿಂದ ಬಿಳಿ ಲಕೋಟೆ ಇದ್ದ ದಿನ ಬೈಕು ನೇರ ಲೋಹಿತಾಳ ಬಾಗಿಲಿಗೆ ಬರುತ್ತಿತ್ತು. ಇಲ್ಲದ ದಿನ ಊರಿನ ಕಾಗದವೆಲ್ಲ ಬಸ್‌ಸ್ಟ್ಯಾಂಡ್ ಪಕ್ಕದ ಹಿಟ್ಟಿನ ಗಿರಣಿಯಲ್ಲಿ. ರಾಗಿ ಬೀಸಿಸಲು ಬಂದವರು ಹುಡುಕಿಕೊಂಡು ಹೋಗಬೇಕು. ಅರ್ಧ ದಿನದ ಸಂಬಳಕ್ಕೆ ಊರು, ಹಟ್ಟಿ, ತಾಂಡಾ ಎಲ್ಲ ಸುತ್ತುವುದು ಯಾರಿಗೆ ಬೇಕು ಎಂದು ಅವನಿಗೂ ಅನಿಸಿರಬಹುದು.

ಲೋಹಿತಾ ಕಂಪನಿಗೆ ಫೋನು ಹಚ್ಚಿದಳು. ಅನಿಲ್ ಕುಮಾರ್ ಎಂಬಾತ ಎತ್ತಿದ. ಅವಳು ಗಿರಣಿಯ ಕತೆಯನ್ನೆಲ್ಲ ಹೇಳುವವರೆಗೂ ಸುಮ್ಮನೆ ಕೇಳಿದ.

"ಅದು ನಾವು ಹಾಕಿದ ಕಾಗದಾನಾ ಮೇಡಂ?"

"ಅಲ್ಲ, ಪಕ್ಕದ ಮನೆಯೋರದ್ದು."

"ಹಂಗಾದ್ರೆ ನಮ್ಮ ಲೆಕ್ಕಕ್ಕೆ ಬರಲ್ಲ. ನಾವು ಹಾಕಿದ್ದು ಎಷ್ಟು ಬೇಗ ಬಂತು ಅಂತ ಮಾತ್ರ ನಾವು ನೋಡೋದು. ಅಂದಂಗೆ, ನಿಮ್ಮ ಕಡೆ ಮಾರ್ಕು ಈ ಸಲ ತುಂಬಾ ಚೆನ್ನಾಗಿ ಬಂದಿದೆ."

"ಸರ್, ಅಂಚೆಯವನಿಗೆ ನಾನೇ ಹೇಳ್ಬಿಟ್ಟಿದ್ದೀನಿ. ಅದಕ್ಕೇ ಬಂದಿರೋದು ಆ ಮಾರ್ಕು."

ಅನಿಲ್ ಕುಮಾರನ ದನಿ ತಗ್ಗಿತು. "ಮೇಡಂ, ಇದನ್ನ ನಾನು ಬರ್ಕೊಂಡ್ರೆ ನಿಮ್ಮ ಕಡೆದು ಎಲ್ಲಾ ವಜಾ ಆಗುತ್ತೆ. ನಾನು ಹೊಸ ಮನೆ ಹುಡುಕ್ಬೇಕು, ಮೇಲಿನೋರಿಗೆ ಉತ್ತರ ಕೊಡ್ಬೇಕು. ನೀವು ಹೇಳಲಿಲ್ಲ, ನಾನು ಕೇಳಿಸ್ಕೊಳ್ಳಲಿಲ್ಲ. ಆಯ್ತಾ?"

ಮಧ್ಯಾಹ್ನ ಅಡವಯ್ಯ ಬಂದ. "ಬಂತು ನೋಡಿ ಅಮ್ಮ, ಬಿಸಿಬಿಸೀದು" ಎಂದು ಬಿಳಿ ಲಕೋಟೆ ಕೊಟ್ಟು, ಮಜ್ಜಿಗೆಗೆ ಕಾದು ಕೂತ. ಲೋಹಿತಾ ಒಳಗೆ ಹೋಗಲಿಲ್ಲ.

"ಹನುಮಕ್ಕನ ಕಾಗದ ಯಾಕೆ ಗಿರಣಿಯಾಗೆ ಬಿಟ್ಟೆ? ಗೋಡೆಗೆ ಗೋಡೆ ಅವಳ ಮನೆ."

"ಅದು ಬಂದ ದಿನ ನಿಮ್ದಿರ್ಲಿಲ್ಲಮ್ಮ."

ಮಳೆ ಬಂದಿರಲಿಲ್ಲ ಎನ್ನುವಷ್ಟು ಸಲೀಸಾಗಿ ಹೇಳಿದ. ಹನುಮಕ್ಕನಿಗೆ ಕೆಲಸ ತಪ್ಪಿದ ಸುದ್ದಿ ಕೇಳಿದ ಮೇಲೆ ಮಾತ್ರ ಅವನ ಮುಖ ಕಂದಿತು. "ಲಕೋಟೆ ಮ್ಯಾಲೆ ಕೆಲ್ಸ ಅಂತ ಬರ್ದಿದ್ರೆ ತಲೆ ಮ್ಯಾಲೆ ಹೊತ್ಕಂಡು ಬರ್ತಿದ್ದೆ. ಅದಿರ್ಲಿ, ನಿಮ್ಮ ಕಾಗದದಾಗೆ ಅಂಥಾದ್ದೇನಿರ್ತದೆ?"

ಲೋಹಿತಾ ಅವನೆದುರೇ ಹರಿದು ತೋರಿಸಿದಳು. ಒಳಗೊಂದು ಬರಿಯ ಹಾಳೆ.

"ಇವತ್ತು ತಡವಾಗಿ ಬಂತು ಅಂತ ಒತ್ತಿಬುಡ್ತೀನಿ ಅಡವಣ್ಣ."

"ಒತ್ತಿ. ನನ್ನ ಕೆಲ್ಸಾನೂ ಹೋಗ್ಲಿ. ಅದ್ರಿಂದ ಹನುಮಕ್ಕಂಗೆ ಅಡುಗೆಮನೆ ಸಿಕ್ಕಿದ್ರೆ ನಂಗೂ ಸಂತೋಷಾನೇ." ಅವನು ಚೀಲ ಹೆಗಲಿಗೇರಿಸಿದ. "ಒಂದು ಮಾತು, ಬೇಜಾರು ಮಾಡ್ಕಬ್ಯಾಡಿ. ಊರಾಗೆ ಯಾವ್ದೋ ಒಂದು ಮನೆಗೆ ಪರೀಕ್ಷೆ ಕಾಗದ ಬರ್ತದೆ ಅಂತ ಮೇಲಿನೋರು ಮೊದ್ಲೇ ಹೆದರಿಸಿದ್ರು. ಯಾವ್ದು ಅಂತ ಗೊತ್ತಿಲ್ದಾಗ ಎಲ್ಲಾರ ಮನೆಗೂ ಹೋಗ್ತಿದ್ದೆ."

ಬೈಕಿನ ಸದ್ದು ದೂರವಾದ ಮೇಲೆ ಲೋಹಿತಾ ಮೊಬೈಲು ತೆಗೆದಳು. ತಡ ಎಂದು ಒತ್ತಲು ಬೆರಳು ಬರಲಿಲ್ಲ. ಇವತ್ತೇ ಬಂತು ಎಂದು ಒತ್ತಿದಳು. ಅದು ನಿಜವೂ ಆಗಿತ್ತು.

ಮರುದಿನ ಬೆಳಿಗ್ಗೆ ಕೂಲಿಯವರ ಟೆಂಪೊ ಬರುವ ಹೊತ್ತಿಗೆ ಅವಳು ರಸ್ತೆಗೆ ಹೋದಳು. ಚಿಕ್ಕಹನುಮಕ್ಕ ಬುತ್ತಿ ಹಿಡಿದು, ಕಣ್ಣಿನವರೆಗೂ ಟವೆಲು ಸುತ್ತಿಕೊಂಡು ನಿಂತಿದ್ದಳು.

"ಹನುಮಕ್ಕ, ಮಧುಗಿರಿಗೆ ಹೋಗಿ ಇನ್ನೊಂದು ಸಲ ಕೇಳಾನ. ನಾನೂ ಬರ್ತೀನಿ. ಇದು ನನ್ನಿಂದಾನೇ ಆಗಿದ್ದು."

"ಗೊತ್ತು. ಅಡವಯ್ಯ ನೆನ್ನೆ ಸಂಜೆ ಬಂದು ಕಾಲು ಹಿಡ್ಕಂಡು ಎಲ್ಲಾ ಹೇಳ್ದ."

"ಅವನಿಗೆ ಒಳ್ಳೇದಾಗ್ಲಿ ಅಂತ ಹೇಳ್ದೆ ಕಣಕ್ಕ."

"ಆಯ್ತಲ್ಲ, ಅವನಿಗೆ ಒಳ್ಳೇದು. ನಂಗೂ ಅಂಗೇ ಒಂದು ಮಾತು ಹೇಳಿದ್ರೆ ನಿನ್ನ ಹೆಸ್ರಿಗೇ ಕಾಗದ ಹಾಕಿ ಅಂತ ಹಾಸ್ಟೆಲ್ನೋರಿಗೆ ಬರ್ಸ್ತಿದ್ದೆ."

ಟೆಂಪೊ ನಿಂತಿತು. ಒಳಗಿದ್ದವರು ಸರಿದು ಜಾಗ ಮಾಡಿ, "ರಾ ಅಕ್ಕಾ, ತ್ವರಗಾ ರಾ" ಎಂದು ತೆಲುಗಿನಲ್ಲಿ ಅವಸರಿಸಿ ಕೈ ಚಾಚಿದರು. ಹತ್ತುವ ಅವಸರದಲ್ಲಿ ಬುತ್ತಿಯ ಮುಚ್ಚಳ ಕಳಚಿ ರಸ್ತೆಗುರುಳಿತು. ಲೋಹಿತಾ ಬಾಗಿ ಎತ್ತಿಕೊಂಡು, ಧೂಳೊರೆಸಿ, ಎರಡು ಹೆಜ್ಜೆ ಓಡಿದಳು. ಗಾಡಿ ಹೊರಟಿತ್ತು. ಚಿಕ್ಕಹನುಮಕ್ಕ ಅಂಗೈಯನ್ನೇ ಬುತ್ತಿಯ ಬಾಯಿಗೆ ಮುಚ್ಚಿಕೊಂಡು ಆ ಕಡೆಗೆ ಮುಖ ತಿರುಗಿಸಿ ಕೂತಳು.