ಇಸ್ತ್ರಿ ಮೇಜಿನ ಸ್ಟೂಲು

ಕಾಯಿಲೆ ನನ್ನದು, ಆದರೆ ಅದು ಹೇಗಿರಬೇಕು ಅಂತ ಗೊತ್ತಿರುವುದು ಮಾತ್ರ ಉಳಿದವರಿಗೆಲ್ಲ. ಬೆಳ್ಳುಳ್ಳಿ ತಿನ್ನು ಅನ್ನುವವರೊಬ್ಬರು, ಬೆಳಿಗ್ಗೆ ಬೇಗ ಏಳು ಅನ್ನುವವರು ಇನ್ನೊಬ್ಬರು. ಡಾಕ್ಟರು ಹೇಳಿದ್ದು ಇಷ್ಟೇ: ಸಂಧಿವಾತ, ಬಿಟ್ಟು ಹೋಗುವುದಿಲ್ಲ, ಹೊಂದಿಕೊಂಡು ಹೋಗಬೇಕು. ಮದುವೆ ದಿನ ನನ್ನ ಗಂಡನ ಬಗ್ಗೆ ಅಮ್ಮನೂ ಇದನ್ನೇ ಹೇಳಿದ್ದಳು.

ನಾನು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವಳು. ಹೋಟೆಲುಗಳ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಬೆಳಿಗ್ಗೆಯಿಂದ ಸಂಜೆವರೆಗೆ ನಿಂತೇ ಮಾಡುವ ಕೆಲಸ. ಮಧ್ಯಾಹ್ನದ ಹೊತ್ತಿಗೆ ಮಂಡಿ ಊದಿ ದಪ್ಪವಾಗುತ್ತದೆ. ಹಲ್ಲು ಗಿಂಜಿ ಗಿಂಜಿ ಲಾಂಡ್ರಿಯ ಯಜಮಾನರಿಂದ ಎತ್ತರದ ಸ್ಟೂಲೊಂದನ್ನು ಪಡೆದಿದ್ದೆ. ಅದಿದ್ದರೆ ನನಗೆ ಕೆಲಸ, ಇಲ್ಲದಿದ್ದರೆ ಮನೆ.

ಅಪರೂಪಕ್ಕೊಮ್ಮೆ ನೋವು ರಜೆ ಹಾಕುತ್ತದೆ. ಕಳೆದ ತಿಂಗಳು ಅಂಥದ್ದೊಂದು ದಿನ ಬಂತು. ಕೂರಲು ಮನಸ್ಸೇ ಆಗಲಿಲ್ಲ. ನನ್ನ ರಾಶಿ ಮುಗಿಸಿ, ಪಕ್ಕದ ಮೇಜಿನವಳ ರಾಶಿಗೂ ಕೈ ಹಾಕಿದೆ. ಬಾಯಿ ಮುಚ್ಚದ ಅವಳಿಗೆ ನಾವೆಲ್ಲ ರೇಡಿಯೋ ಅಕ್ಕ ಅನ್ನುತ್ತೇವೆ. ಬಟ್ಟೆಗಂಟು ಹೊತ್ತು ಎರಡೆರಡು ಮೆಟ್ಟಿಲು ಹಾರಿ ಮಹಡಿಗೆ ಹೋದೆ. ಯಜಮಾನರು ನೋಡಿದರು.

ಮಾರನೆಯ ದಿನ ಬೆರಳು ಮಡಚಿದ್ದು ಬಿಚ್ಚಲಿಲ್ಲ. ಹಲ್ಲು ಕಚ್ಚಿಕೊಂಡು ಬಂದರೆ ಸ್ಟೂಲಿಲ್ಲ. ಯಜಮಾನರ ಕೌಂಟರಿನ ಪಕ್ಕದಲ್ಲಿ ನೀರಿನ ಕ್ಯಾನು ಅದರ ಮೇಲೆ ಆರಾಮಾಗಿ ಕೂತಿತ್ತು.

"ನಿನ್ನೆ ಜಿಂಕೆ ಥರ ಹಾರಾಡ್ತಿದ್ದೆ ಕಣಮ್ಮ."

"ನಿನ್ನೆ ನೋವಿರಲಿಲ್ಲ ಸಾರ್, ಇವತ್ತಿದೆ."

"ಇವತ್ತು ಬಂದು ನಾಳೆ ಹೋಗೋಕೆ ಅದೇನು ಕಾಯಿಲೆನಾ, ನೆಂಟರಾ?"

"ನೆಂಟರೇ ಸಾರ್. ಹೇಳದೆ ಕೇಳದೆ ಬರ್ತಾರೆ."

ಅವರು ನಕ್ಕರು, ಸ್ಟೂಲು ಮಾತ್ರ ಕೊಡಲಿಲ್ಲ. ನನ್ನ ಮೈಯೆಲ್ಲ ಉರಿಯಿತು. ನಿಂತೇ ಕೆಲಸ ಮಾಡಿದೆ. ಮಧ್ಯಾಹ್ನ ಬೆರಳು ಸೋತು ಇಸ್ತ್ರಿಪೆಟ್ಟಿಗೆ ಎತ್ತುವುದು ತಡವಾಗಿ, ಬಿಳಿ ಬಟ್ಟೆಯ ಮೇಲೆ ಕಂದು ಕಲೆ ಬಿತ್ತು. "ಇನ್ನೊಂದು ಸುಟ್ರೆ ಬೇರೆಯವರನ್ನ ನೋಡ್ಕೋತೀನಿ" ಅಂದರು ಯಜಮಾನರು.

ರೇಡಿಯೋ ಅಕ್ಕ ನನ್ನನ್ನು ಪಕ್ಕಕ್ಕೆ ಎಳೆದಳು. "ತಪ್ಪು ನಿಂದೇ ಕಣೇ. ನೋವಿದ್ರೂ ಹಲ್ಲು ಕಿರೀತೀಯ, ಇಲ್ದಿದ್ರೂ ಹಲ್ಲು ಕಿರೀತೀಯ. ಅಳದಿದ್ರೆ ಹೆತ್ತ ತಾಯೀನೂ ಹಾಲು ಕೊಡಲ್ಲ. ಸ್ವಲ್ಪ ಕುಂಟಬಾರದಾ?"

ಇಷ್ಟು ದಿನ ಕುಂಟು ಕಾಣಬಾರದು ಅಂತ ಎಷ್ಟು ಒದ್ದಾಡಿದ್ದೆ! ಅಂದಿನಿಂದ ಮುಚ್ಚಿಡುವುದನ್ನು ಬಿಟ್ಟೆ. ನೋವಾದಾಗ ನರಳಿದೆ, ಕಾಲು ಎಳೆದೇ ನಡೆದೆ. ಮೂರನೆಯ ದಿನ ಯಜಮಾನರೇ ಕ್ಯಾನು ಇಳಿಸಿ ಸ್ಟೂಲು ತಂದಿಟ್ಟರು. "ನೋಡು, ಹೀಗಿದ್ರೆ ನಮಗೂ ಗೊತ್ತಾಗುತ್ತೆ" ಅಂದರು. ಥ್ಯಾಂಕ್ಸ್ ಅಂದೆ. ಕ್ಯಾನಿನಿಂದ ಸೋರಿದ್ದ ನೀರು ಒರೆಸಿ ಕೂತೆ.

ಇವತ್ತು ಬೆಳಿಗ್ಗೆ ಎದ್ದರೆ ಬೆರಳು ಪೂರ್ತಿ ಬಿಚ್ಚಿತು. ಮಂಡಿಯೂ ಚಕಾರವೆತ್ತಲಿಲ್ಲ. ಗಂಡನನ್ನು ಕರೆಯದೆ ಡಬ್ಬಿಯ ಮುಚ್ಚಳ ತೆಗೆದೆ, ಜಡೆಯನ್ನು ನಾನೇ ಹೆಣೆದುಕೊಂಡೆ. ರಸ್ತೆಯಲ್ಲಿ ಓಡಬೇಕು ಅನ್ನಿಸುವಷ್ಟು ಖುಷಿಯಾಯಿತು. ಲಾಂಡ್ರಿಯ ತಿರುವಿನಲ್ಲಿ ಕಾಲು ತಾನಾಗಿ ನಿಧಾನವಾಯಿತು. ನೆಟ್ಟಗೆ ನಡೆದು ಒಳಗೆ ಹೋದರೆ ಸ್ಟೂಲು ಮತ್ತೆ ಕ್ಯಾನಿನ ಪಾಲು. ನಾಳೆ ನೋವು ಬಂದಾಗ ಯಾರ ಕಾಲು ಹಿಡಿಯಲಿ?

ಕುಂಟಿಕೊಂಡು ಒಳಗೆ ಹೋದೆ.

ದಿನವಿಡೀ ಸ್ಟೂಲಿನ ಮೇಲೆ ಕೂತಿದ್ದೆ. ಮೇಜಿನ ಕೆಳಗೆ ಕಾಲುಗಳು ಎದ್ದು ನಿಲ್ಲಲು ಚಡಪಡಿಸುತ್ತಿದ್ದವು. ರೇಡಿಯೋ ಅಕ್ಕ ಜೋಕು ಹೇಳಿದಾಗ ನಗು ನುಂಗಿಕೊಂಡೆ. ತಿಂಗಳಿಗೊಮ್ಮೆ ಸಿಗುವ ದಿನ ಹೀಗೆ ಹಾಳಾಯಿತಲ್ಲ ಅಂತ ಅಳು ಬಂತು. ಅದನ್ನು ನೋಡಿದ ಯಜಮಾನರು, "ಪಾಪ, ಇವತ್ತು ಜಾಸ್ತಿ ಇರಬೇಕು" ಅಂದರು.

ಸಂಜೆ ಹೊರಡುವಾಗ ಅವರು ಬಾಗಿಲಲ್ಲೇ ನಿಂತಿದ್ದರು. ಬೆಳಿಗ್ಗೆ ಕುಂಟಿದ್ದು ಯಾವ ಕಾಲು ಅನ್ನುವುದೇ ನನಗೆ ಮರೆತುಹೋಗಿತ್ತು. ಎರಡನ್ನೂ ಎಳೆದುಕೊಂಡು ಅವರನ್ನು ದಾಟಿದೆ.