ಹುಡುಕುವುದಿಲ್ಲ ಎಂದ ಮಾತು

ದ್ವಿತೀಯ ಪಿಯುಸಿಯ ಇಪ್ಪತ್ಮೂರು ಮಕ್ಕಳಿಗೆ ಮಹಾನಂದಾ ಮಾತು ಕೊಟ್ಟಿದ್ದಳು.

"ನೀವು ಮಾಡಿದ, ಯಾರಿಗೂ ಗೊತ್ತಿಲ್ಲದ ಒಂದು ತಪ್ಪು ಚೀಟಿ ಮ್ಯಾಲೆ ಬರೀರಿ. ಹೆಸರು ಹಾಕಬ್ಯಾಡ್ರಿ. ಯಾರು ಬರದೀರಿ ಅಂತ ನಾ ಹುಡುಕೂದಿಲ್ಲ. ಓದಿ ಹರದು ಹಾಕತೇನಿ."

ವಿಜಯಪುರದ ಒಂದು ಖಾಸಗಿ ಕಾಲೇಜಿನಲ್ಲಿ ಅವಳು ತರ್ಕಶಾಸ್ತ್ರದ ಉಪನ್ಯಾಸಕಿ. ಶನಿವಾರದ ಕೊನೆಯ ಪಿರಿಯಡ್ ಮಾತ್ರ ಧರ್ಮ ಮತ್ತು ನೀತಿಯದು. ಅದಕ್ಕೆ ಪರೀಕ್ಷೆಯಿಲ್ಲ, ಅಂಕವಿಲ್ಲ. ದೇವರಿದ್ದಾನೆ ಎನ್ನುವವರ ವಾದವೇನು, ಇಲ್ಲ ಎನ್ನುವವರ ವಾದವೇನು, ಸುಳ್ಳು ಹೇಳಿ ಒಂದು ಜೀವ ಉಳಿಸಿದರೆ ಅದು ಪಾಪವೇ, ಇಂಥವನ್ನೆಲ್ಲ ಹರಡಿಕೊಂಡು ಕೂರುತ್ತಿದ್ದಳು. ಬಬಲೇಶ್ವರ, ಅರಕೇರಿ ಕಡೆಯಿಂದ ಬರುವ ಮಕ್ಕಳು ಬಸ್ಸು ತಪ್ಪಿದರೂ ಸರಿ ಎಂದು ಕೂತು ಜಗಳಾಡುತ್ತಿದ್ದರು.

ಚೀಟಿ ಬರೆಸುವುದಕ್ಕೂ ಮೊದಲೇ, ದೀಪಾವಳಿಗೆ ಮುಂಚೆ, ಆಡಳಿತ ಮಂಡಳಿಗೆ ಹೆಸರಿಲ್ಲದ ಪತ್ರವೊಂದು ಬಂದಿತ್ತು. ಈ ಮೇಡಂ ದೇವರಿಲ್ಲವೆಂದು ಕಲಿಸಿ ಮಕ್ಕಳ ತಲೆ ಕೆಡಿಸುತ್ತಿದ್ದಾರೆ ಎಂದು ಅದರಲ್ಲಿತ್ತು. ಪ್ರಿನ್ಸಿಪಾಲರು ಅವಳನ್ನು ನಿಲ್ಲಿಸಿಕೊಂಡೇ ವಿಚಾರಿಸಿದರು. ದಿನಾ ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ಮಹಾನಂದಾ, ತನಗೆ ದೇವರಲ್ಲಿ ನಂಬಿಕೆಯಿದೆ ಎಂದು ಕಾಗದದ ಮೇಲೆ ಬರೆದು ಸಹಿ ಮಾಡಿಕೊಡಬೇಕಾಯಿತು. ಆ ಅವಮಾನವನ್ನು ಗಂಡ ಅರುಣಕುಮಾರನಿಗೂ ಹೇಳಿರಲಿಲ್ಲ.

ಚೀಟಿ ಬರೆಸಿದ ಶನಿವಾರ ಖಾಲಿ ಸ್ಟಾಫ್ ರೂಮಿನಲ್ಲಿ ಕೂತು ಚೀಟಿಗಳನ್ನು ಓದಿ ಓದಿ ಹರಿಯುತ್ತಿದ್ದಾಗ ಒಂದರಲ್ಲಿ ಒಂದೇ ಸಾಲು ಕಂಡಿತು: 'ಮೇಡಂ ಮೇಲೆ ಪತ್ರ ಬರೆದದ್ದು ನಾನು.'

ಅದನ್ನು ಅವಳು ಹರಿಯಲಿಲ್ಲ. ಮಡಚಿ ಪರ್ಸಿನಲ್ಲಿಟ್ಟುಕೊಂಡಳು.

ಸೋಮವಾರದಿಂದ ತರಗತಿಯೇ ಬೇರೆಯಾಗಿ ಕಂಡಿತು. ಸುರೈಯಾ ತಲೆ ತಗ್ಗಿಸಿದರೆ, ಯಾಕೆ ತಗ್ಗಿಸಿದಳು? ವಿಶಾಖಾ ನಕ್ಕರೆ, ಏನನ್ನು ನೆನೆದು ನಕ್ಕಳು? ಬೋರ್ಡಿನ ಕಡೆ ತಿರುಗಿದರೆ ಬೆನ್ನ ಮೇಲೆ ಯಾರದೋ ಕಣ್ಣು. ಒಮ್ಮೊಮ್ಮೆ ಆ ಚೀಟಿಯೇ ಚೇಷ್ಟೆಯಿರಬಹುದೆಂದು ಅನ್ನಿಸಿ, ಹಾಗಾದರೆ ಚೇಷ್ಟೆ ಮಾಡಿದವರು ಯಾರೆಂದು ಮತ್ತೆ ಶುರುವಾಗುತ್ತಿತ್ತು.

ಕೊನೆಗೆ ಸಂಶಯ ಅಮೋಘಸಿದ್ದನ ಮೇಲೆ ನಿಂತಿತು. ಟಿಕೋಟಾದ ಕುರಿಗಾರರ ಮನೆಯ ಹುಡುಗ, ಹಣೆಗೆ ಭಂಡಾರದ ಅರಿಶಿನ ಹಚ್ಚದೆ ಬಂದ ದಿನವಿಲ್ಲ. ಹಿಂದೊಮ್ಮೆ "ದೇವರನ್ನ ಹಿಂಗ ತಕ್ಕಡ್ಯಾಗ ಇಟ್ಟು ತೂಗಬಾರದ್ರಿ ಮೇಡಂ" ಎಂದು ನಡುವೆಯೇ ಎದ್ದು ಹೋಗಿದ್ದ. ಅದೂ ಸಾಲದೆಂಬಂತೆ, ಚೀಟಿಯಲ್ಲಿ 'ಪತ್ರ'ದ ಕೆಳಗಿನ ಒತ್ತು ಕುಡುಗೋಲಿನಂತೆ ಉದ್ದಕ್ಕೆ ಬಾಗಿತ್ತು. ಅವನ ಟೆಸ್ಟ್ ಪೇಪರಿನಲ್ಲೂ ಅಂಥದೇ ಒಂದು ಒತ್ತು ಸಿಕ್ಕಿತು.

ಭಾನುವಾರ ಗಂಡನಿಗೆ ಗೆಳತಿಯ ಮನೆಗೆಂದು ಹೇಳಿ ಟಿಕೋಟಾ ಬಸ್ಸು ಹತ್ತಿದಳು.

ದ್ರಾಕ್ಷಿ ತೋಟದಾಚೆಗಿನ ಮನೆಯಲ್ಲಿ ಹುಡುಗನ ತಾಯಿ ಸಕ್ರವ್ವ ಒಬ್ಬಳೇ ಇದ್ದಳು. ಗಾಬರಿಯಾಗಿ ಸೆರಗು ಸರಿ ಮಾಡಿಕೊಂಡಳು.

"ಬರ್ರಿ ಅಕ್ಕೋರ, ಕುಂಡ್ರಬರ್ರಿ. ನಮ್ಮ ಹುಡುಗ ಏನಾರ ಗದ್ಲಾ ಮಾಡ್ಯಾನೇನ್ರಿ?"

"ಏನಿಲ್ಲವಾ. ಈ ಕಡೆ ಬಂದಿದ್ದೆ, ಅವನ ನೋಟಬುಕ್ಕ ನೋಡಿ ಹೋಗೂಣಂತ."

"ಕುರಿಗೆ ನೀರು ಕುಡಸಾಕ ಹೋಗ್ಯಾನ್ರಿ, ಈಗ ಬರತಾನ. ಶನಿವಾರ ಆತಂದ್ರ ನಿಮ್ಮ ಮಾತೇ ಮಾತ್ರಿ ಅವಂದು. ಉಣ್ಣಾಕ ಕುಂತಲ್ಲೇ ಅವರಪ್ಪನ ಕೂಡ ವಾದಾ ತಗೀತಾನ."

ಹಾಗಾದರೆ ಅಪ್ಪನೇ ಬರೆಸಿರಬೇಕು ಎಂದು ಮಹಾನಂದಾ ಒಳಗೊಳಗೇ ಲೆಕ್ಕ ಹಾಕಿದಳು. ಸಕ್ರವ್ವ ನೋಟ್‌ಬುಕ್ಕು ಕೊಟ್ಟು ಚಹಾ ಮಾಡಲು ಒಳಗೆ ಹೋದದ್ದೇ ತಡ, ಪರ್ಸಿನಿಂದ ಚೀಟಿ ತೆಗೆದು ಹಾಳೆಯ ಪಕ್ಕ ಇಟ್ಟಳು. ಒಂದು ಪುಟದಲ್ಲಿ ಹೌದು ಅನ್ನಿಸಿತು. ಮುಂದಿನ ಪುಟದಲ್ಲಿ ಅಲ್ಲ ಅನ್ನಿಸಿತು.

"ಏನ್ ಹುಡುಕಾಕತ್ತೀರಿ ಮೇಡಂ?"

ಅಮೋಘಸಿದ್ದ ಬಾಗಿಲಲ್ಲಿ ನಿಂತಿದ್ದ. ಹತ್ತಿರ ಬಂದು ಚೀಟಿ ಓದಿದ. ಅವನ ಮುಖ ಕಪ್ಪಿಟ್ಟಿತು.

"ಹುಡುಕೂದಿಲ್ಲ ಅಂದಿದ್ರಿ."

"ಖರೇ ಹೇಳು. ಇದನ್ನ ಬರದಾಂವ ನೀನ ಹೌದಲ್ಲೋ?"

"ಅಲ್ಲರಿ. ಸಿಟ್ಟು ಬಂದಿತ್ತು, ಖರೆ. ಎದ್ದು ಹೋದೆ. ಕದ್ದು ಬರಿಯೂ ಮಂದಿ ಅಲ್ಲರಿ ನಾವು."

"ಮತ್ತ ಈ ಅಕ್ಷರ?"

"ನಾ ಬರದ ಚೀಟಿ ಬ್ಯಾರೆ ಐತ್ರಿ. ಏನ್ ಬರದಿದ್ದೆ ಅಂತ ಹೇಳಿದ್ರ ನಂಬತೀರೇನು?"

ಬೇಡ ಎನ್ನಬೇಕಿತ್ತು. "ಹೇಳು" ಎಂದುಬಿಟ್ಟಳು.

"ನಮ್ಮ ಮುದುಕಿ ಆಯಿ ಸಾಯೂ ದಿನ ನೀರು ಬೇಡಿದ್ಳ್ರಿ. ನಾ ಮೊಬೈಲ್ ನೋಡಕೋತ, ತಡೀ ಬೇ ಅಂದೆ. ಎದ್ದು ಹೋಗೂದ್ರಾಗ ಜೀವ ಹೋಗಿತ್ತು."

ಆ ಚೀಟಿ ಮಹಾನಂದಾಳಿಗೆ ನೆನಪಿತ್ತು. ಓದಿ ಕಣ್ಣೊರೆಸಿಕೊಂಡು, ನಾಲ್ಕು ಚೂರು ಮಾಡಿ ಹಾಕಿದ್ದಳು. ಈಗ ತಲೆಯೆತ್ತಿದರೆ ಚಹಾದ ಕಪ್ಪು-ಬಸಿ ಹಿಡಿದ ಸಕ್ರವ್ವ ಹೊಸ್ತಿಲಲ್ಲೇ ನಿಂತಿದ್ದಳು.

"ನಿದ್ದ್ಯಾಗ ಹೋದ್ಳು ಅಂದಿದ್ಯಲ್ಲೋ ಯಪ್ಪಾ" ಎಂದಳು ಸಕ್ರವ್ವ, ಬಹಳ ಮೆಲ್ಲಗೆ.

ಯಾರೂ ಚಹಾ ಕುಡಿಯಲಿಲ್ಲ. ಮಹಾನಂದಾ ಏನೋ ಹೇಳಲು ಹೋದಳು. ಅಮೋಘಸಿದ್ದ ನೋಟ್‌ಬುಕ್ಕನ್ನು ಅವಳ ಕೈಯಿಂದ ತೆಗೆದುಕೊಂಡು, "ಬಸ್ಸಿನ ಟೈಮ್ ಆತ್ರಿ" ಎಂದ.

ಮುಂದಿನ ಶನಿವಾರ ಅವನ ಜಾಗ ಖಾಲಿಯಿತ್ತು. ಮಹಾನಂದಾ ಪುಸ್ತಕ ತೆರೆಯದೆ ಮೇಜಿನ ಮುಂದೆ ಬಂದು ನಿಂತಳು.

"ಒಂದು ಚೀಟಿ ನಾ ಹರೀಲಿಲ್ಲ. ಬರದವರನ್ನ ಹುಡುಕಿದೆ. ಹುಡುಕಾಕ ಹೋಗಿ, ಸಂಬಂಧ ಇಲ್ಲದ ಒಬ್ಬರ ಮನಸ್ಸು ಮುರದೆ. ತಪ್ಪು ನಂದು."

ಸುರೈಯಾ ಎದ್ದು ನಿಂತಳು. "ಬರದವರು ಸಿಕ್ಕ್ರೇನ್ರಿ ಮೇಡಂ?"

"ಇಲ್ಲ."

"ಸಿಕ್ಕಿದ್ರ ಏನ್ ಮಾಡತಿದ್ರಿ?"

ಮಹಾನಂದಾಳಿಗೆ, ಈ ಹುಡುಗಿ ಯಾಕೆ ಇದನ್ನು ಕೇಳುತ್ತಿದ್ದಾಳೆ ಎಂಬ ಯೋಚನೆ ತಾನಾಗಿ ಬಂದುಹೋಯಿತು. ಅವಳಿಗೆ ತನ್ನ ಮೇಲೆಯೇ ಹೇಸಿಕೆಯಾಯಿತು.

ಅಮೋಘಸಿದ್ದ ಬುಧವಾರ ಬಂದ. ವರಾಂಡದಲ್ಲಿ ಅವಳೇ ಹೋಗಿ ಕೈಮುಗಿದಳು. ಅವನು ಮುಜುಗರದಿಂದ ಹಿಂದೆ ಸರಿದ.

"ಅವ್ವಾ ವಾರಪೂರ್ತಿ ಮಾತಾಡಲಿಲ್ಲರಿ. ನಿನ್ನೆ ರೊಟ್ಟಿ ಹಾಕಿ, 'ಆವತ್ತ ನಾನೂ ನೀರಿನ ತಂಬಿಗಿ ದೂರ ಇಟ್ಟು ಹೊಲಕ್ಕ ಹೋಗಿದ್ದೆ' ಅಂದ್ಳು. ಇಬ್ಬರೂ ಅತ್ತೀವಿ." ಚೀಲ ಹೆಗಲಿಗೇರಿಸಿಕೊಂಡು ಹೇಳಿದ: "ತರ್ಕಶಾಸ್ತ್ರಕ್ಕ ಬರತೇನ್ರಿ. ಶನಿವಾರದ ಕ್ಲಾಸಿಗೆ ಮಾತ್ರ ಬರೂದಿಲ್ಲ."

"ಆತಪಾ" ಎಂದಳು.

ಪತ್ರ ಬರೆದವರು ಯಾರೆಂಬುದು ವರ್ಷ ಮುಗಿದರೂ ತಿಳಿಯಲಿಲ್ಲ. ಬೀಳ್ಕೊಡುಗೆಯ ದಿನ ಮಕ್ಕಳು ಒಬ್ಬೊಬ್ಬರಾಗಿ ಬಂದು ಅವಳ ಮುಂದೆ ತಲೆಬಾಗಿದರು. ಪ್ರತಿಯೊಬ್ಬರ ತಲೆಯ ಮೇಲೆ ಇಡುವ ಮುನ್ನ ಅವಳ ಕೈ ತುಸು ತಡೆಯುತ್ತಿತ್ತು. ಅಮೋಘಸಿದ್ದನ ತಲೆಯ ಮೇಲೆ ಮಾತ್ರ ತಡೆಯಲಿಲ್ಲ.